‘ಡಾಕ್ಟ್ರಿಲ್ಲ, ದವಾಖಾನಿ ಬಂದ್’ ಎಂಬ ಸುಳ್ಳು

ಸವದತ್ತಿ ಸೀಮೆಯ ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದ ಗೇಟಿನ ಹತ್ತಿರ ಮುಂಜಾನೆ ಹತ್ತರ ಸುಮಾರಿಗೆ ನಿಂತು ನೋಡಿ. ಡಾಕ್ಟರು ತಾಲ್ಲೂಕಿನ ಮೀಟಿಂಗಿಗೋ, ಕೋರ್ಟಿನ ಸಾಕ್ಷಿಗೋ, ಮರಣೋತ್ತರ ಪರೀಕ್ಷೆಗೋ ಹೋದ ದಿನ ಗೇಟಿನಲ್ಲಿ ಒಂದು ಮಾತು ಹುಟ್ಟುತ್ತದೆ. “ಡಾಕ್ಟ್ರಿಲ್ಲಂತ. ಇವತ್ತ ದವಾಖಾನಿ ಬಂದ್. ನಡೀರಿ ಮನೀಗೆ.” ಆ ಮಾತು ಬಾಯಿಂದ ಬಾಯಿಗೆ ದಾಟಿ ಬಸ್ ಸ್ಟ್ಯಾಂಡ್ ಮುಟ್ಟುವುದಕ್ಕೆ ಹತ್ತು ನಿಮಿಷ ಸಾಕು. ಜೋಳದ ಕೊಯ್ಲು ಬಿಟ್ಟು ಬಂದ ಏಳು ತಿಂಗಳ ಬಸುರಿ, ಕಾಲು ಬಾತಿದೆ, ತಲೆ ನೋಯುತ್ತದೆ ಎಂದು ಬಂದವಳು, ಅಲ್ಲಿಂದಲೇ ತಿರುಗಿ ಟಂಟಂ ಹತ್ತುತ್ತಾಳೆ. ಅದೇ ಹೊತ್ತಿಗೆ ಒಳಗೆ ಅವಳ ರಕ್ತದೊತ್ತಡ ನೋಡಬಲ್ಲ ಆರೋಗ್ಯ ಸಹಾಯಕಿ ಇದ್ದಾಳೆ. ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ಐದು ನಿಮಿಷದಲ್ಲಿ ಹೇಳಬಲ್ಲ ಲ್ಯಾಬ್ ಟೆಕ್ನಿಶಿಯನ್ ಇದ್ದಾನೆ. ಒತ್ತಡ 140/90 ದಾಟಿ ಮೂತ್ರದಲ್ಲಿ ಪ್ರೋಟೀನ್ ಕಂಡರೆ ಆ ಬಾವು ಬರೀ ದಣಿವಿನ ಬಾವಲ್ಲ, ನಂಜು ಏರುತ್ತಿದೆ ಎಂದು ಇವರಿಬ್ಬರಿಗೂ ಗೊತ್ತು. ಫಿಟ್ಸ್ ಬಂದ ಬಸುರಿಗೆ ಮೊದಲ ಡೋಸ್ ಮೆಗ್ನೀಸಿಯಂ ಸಲ್ಫೇಟ್ ಚುಚ್ಚಿ ದೊಡ್ಡಾಸ್ಪತ್ರೆಗೆ ಕಳಿಸಬೇಕೆಂದು ಸರ್ಕಾರದ ಮಾರ್ಗಸೂಚಿಯೇ ಆ ಸಹಾಯಕಿಗೆ ಹೇಳಿದೆ. ದವಾಖಾನೆ ತೆರೆದೇ ಇತ್ತು. ಮುಚ್ಚಿದ್ದು ನಮ್ಮ ತಿಳಿವಳಿಕೆ.

ದವಾಖಾನೆ ಎಂದರೆ ಡಾಕ್ಟರು, ಉಳಿದವರೆಲ್ಲ ಅವರ ಕೈಯಾಳುಗಳು ಎಂಬ ನಂಬಿಕೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಮನೆಯಲ್ಲಿದೆ. ಓದಿದವರಲ್ಲಿದೆ, ಓದದವರಲ್ಲಿದೆ. ಶಾಸಕರಿಗೆ ಕೊಡುವ ಮನವಿ ಪತ್ರದಲ್ಲಿದೆ. ಅದರಲ್ಲಿ “ಕಾಯಂ ವೈದ್ಯರನ್ನು ನೇಮಿಸಿ” ಎಂಬ ಸಾಲು ತಪ್ಪುವುದಿಲ್ಲ, “ಲ್ಯಾಬ್ ಟೆಕ್ನಿಶಿಯನ್ ಹುದ್ದೆ ತುಂಬಿ” ಎಂಬ ಸಾಲು ನನಗೆ ಕಂಡಿಲ್ಲ. ನಾವು ಕರೆಯುವ ರೀತಿಯಲ್ಲೂ ಅದು ಇದೆ: ಡಾಕ್ಟರ್ ಸಾಹೇಬರು ಒಬ್ಬರು, ಉಳಿದವರು ಕಾಂಪೌಂಡರ್, ನರ್ಸಬಾಯಿ, ಆಯಾ, ‘ರಕ್ತ ತಗೊಳ್ಳಾಂವ’. ಈ ನಂಬಿಕೆ ವೈದ್ಯರಿಗೆ ತೋರುವ ಗೌರವದಂತೆ ಕಾಣುತ್ತದೆ. ಆದರೆ ಅದು ತಪ್ಪು ನಂಬಿಕೆ, ಅದರಿಂದ ಜೀವ ಹೋಗುತ್ತವೆ ಎಂದು ನಾನು ವಾದಿಸುತ್ತೇನೆ. ಅದಕ್ಕೆ ಸಾಕ್ಷಿ ಹುಡುಕಿಕೊಂಡು ಬೆಳಗಾವಿ ಜಿಲ್ಲೆ ದಾಟಿ ಹೋಗಬೇಕಿಲ್ಲ.

ಮೊದಲು ಲೆಕ್ಕ ನೋಡೋಣ. ಸ್ವಾತಂತ್ರ್ಯಕ್ಕೆ ಮುಂಚೆಯೇ, 1943ರಲ್ಲಿ ನೇಮಕಗೊಂಡು 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ, 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂದು ಯೋಚಿಸಿತು. ಅಲ್ಲಿ ಯಾರಿರಬೇಕೆಂದು ಪಟ್ಟಿಯನ್ನೂ ಮಾಡಿತು. ವೈದ್ಯರು ಇಬ್ಬರು. ಅವರ ಜೊತೆಗೆ ಒಬ್ಬ ನರ್ಸ್, ನಾಲ್ವರು ಸಾರ್ವಜನಿಕ ಆರೋಗ್ಯ ನರ್ಸ್‌ಗಳು, ನಾಲ್ವರು ಮಿಡ್‌ವೈಫ್‌ಗಳು, ತರಬೇತಿ ಪಡೆದ ನಾಲ್ವರು ಸೂಲಗಿತ್ತಿಯರು, ಇಬ್ಬರು ನೈರ್ಮಲ್ಯ ನಿರೀಕ್ಷಕರು, ಇಬ್ಬರು ಆರೋಗ್ಯ ಸಹಾಯಕರು, ಒಬ್ಬ ಫಾರ್ಮಾಸಿಸ್ಟ್, ಹದಿನೈದು ಮಂದಿ ನಾಲ್ಕನೇ ದರ್ಜೆ ನೌಕರರು. ಕೂಡಿಸಿದರೆ ಇಬ್ಬರು ವೈದ್ಯರಿಗೆ ಮೂವತ್ತಮೂರು ಮಂದಿ. 2012ರ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡ ಸಣ್ಣ ಕೇಂದ್ರಕ್ಕೆ ಅಗತ್ಯವೆಂದ ಹದಿಮೂರು ಮಂದಿಯಲ್ಲೂ ಎಂ.ಬಿ.ಬಿ.ಎಸ್. ವೈದ್ಯರು ಒಬ್ಬರೇ. ಹದಿಮೂರರಲ್ಲಿ ಒಬ್ಬರನ್ನು ಎಣಿಸಿ ಹನ್ನೆರಡು ಜನರನ್ನು ಬಿಟ್ಟರೆ ನಮಗೆ ದವಾಖಾನೆಯ ಲೆಕ್ಕವೇ ಗೊತ್ತಿಲ್ಲ ಎಂದರ್ಥ.

ಈ ಹನ್ನೆರಡು ಜನ ಬರೀ ಹೇಳಿದ್ದು ಮಾಡುವವರು, ಸ್ವಂತ ವಿದ್ಯೆ ಇಲ್ಲದವರು ಎನ್ನುವವರಿಗೆ ನಮ್ಮದೇ ಜಿಲ್ಲೆಯ ಒಂದು ಸಂಗತಿ ಹೇಳುತ್ತೇನೆ. ಹೆರಿಗೆಯಾದ ತಕ್ಷಣ ಗರ್ಭಕೋಶ ಬಿಗಿಯದೆ ರಕ್ತ ಹರಿದು ತಾಯಿ ಸಾಯುವುದು ಹಳ್ಳಿಯ ಹಳೇ ದುಃಖ. ಅದನ್ನು ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್‌ಗೆ ತಂಪು ಬೇಕು, ಚುಚ್ಚುವ ಕೈ ಬೇಕು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ಆ ಕೆಲಸ ಮಾಡಬಲ್ಲುದೇ ಎಂದು ನೋಡಲು 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರೂ ಅಮೆರಿಕದ ಸಂಶೋಧಕರೂ ಕೂಡಿ ನಡೆಸಿದ ಅಧ್ಯಯನವದು. ಪಾಲ್ಗೊಂಡ ತಾಯಂದಿರು 1,620. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಮಾಡಿಸಿ, ಗುಳಿಗೆ ಕೊಟ್ಟು, ಹರಿದ ರಕ್ತವನ್ನು ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಹಾಳೆಯಲ್ಲಿ ಹಿಡಿದು ಅಳೆದು ಬರೆದವರು ವೈದ್ಯರಲ್ಲ, ಹಳ್ಳಿಯ ಸಹಾಯಕ ನರ್ಸ್-ಮಿಡ್‌ವೈಫ್‌ಗಳು. ನಾವು ನರ್ಸಬಾಯಿ ಎಂದು ಕರೆದು ಮರೆಯುವ ಹೆಣ್ಣುಮಕ್ಕಳು.

2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಔಷಧವಿಲ್ಲದ ಹುಸಿ ಗುಳಿಗೆ ನುಂಗಿದ ಗುಂಪಿನಲ್ಲಿ ನೂರಕ್ಕೆ 12 ತಾಯಂದಿರಿಗೆ ಅತಿ ರಕ್ತಸ್ರಾವ ಆಗಿದ್ದರೆ ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ಅದು 6.4ಕ್ಕೆ ಇಳಿದಿತ್ತು. ಒಂದು ಲೀಟರಿಗೂ ಮೀರಿ ರಕ್ತ ಹರಿಯುವ ಗಂಭೀರ ಸ್ಥಿತಿ 1.2ರಿಂದ 0.2ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು; ಅದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ನಮ್ಮ ಜಿಲ್ಲೆಯದು ಪ್ರಮುಖವಾದುದು. ರಕ್ತವನ್ನು ಕಣ್ಣಂದಾಜಿನಲ್ಲಿ ಬಿಡದೆ ಅಳೆಯಬೇಕೆಂಬ ಅದೇ ಪಾಠವನ್ನು ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಪ್ರಯೋಗವೂ ಎತ್ತಿಹಿಡಿಯಿತು; ಅದರ ಫಲ 2023ರಲ್ಲಿ ಹೊರಬಂತು. ಆಫ್ರಿಕಾದ ಸೂಲಗಿತ್ತಿಯ ಕೈಯಲ್ಲಿರುವ ತಿಳಿವಳಿಕೆಗೆ ಬೆಳಗಾವಿಯ ನರ್ಸಮ್ಮನ ದುಡಿಮೆಯೂ ಸೇರಿದೆ. ತನ್ನ ಊರಿನಲ್ಲಿ ಮಾತ್ರ ಅವಳು ಇನ್ನೂ ‘ಸೂಜಿ ಮಾಡಾಕಿ’.

ಇನ್ನೊಂದು ಸಂಗತಿಯೂ ನಮ್ಮದೇ. ಹೇಳುವುದಕ್ಕೆ ಕಷ್ಟವಾಗುತ್ತದೆ, ಆದರೂ ಹೇಳಬೇಕು. 2022ರ ಜನವರಿಯಲ್ಲಿ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ಕೆಲವೇ ದಿನಗಳಲ್ಲಿ ತೀರಿಕೊಂಡವು. ಲಸಿಕೆ ಕಾಯ್ದಿಡುವ ಕ್ರಮದಲ್ಲಿ ಲೋಪವಾಗಿದೆ ಎಂಬ ಆರೋಪದ ಮೇಲೆ ಒಬ್ಬ ಆರೋಗ್ಯ ಸಹಾಯಕಿ, ಒಬ್ಬ ಫಾರ್ಮಾಸಿಸ್ಟ್ ಅಮಾನತಾದರು. ಈ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ಅದರ ಜೊತೆಗೇ ಬಂದ ದ್ರಾವಣದಲ್ಲಿ ಕಲಸಬೇಕು. ಕಲಸಿದ ಮೇಲೆ ತಂಪಿನಲ್ಲಿಟ್ಟು ನಾಲ್ಕು ತಾಸಿನೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಕ್ರಿಮಿ ಬೆಳೆಯದಂತೆ ತಡೆಯುವ ವಸ್ತು ಅದರಲ್ಲಿಲ್ಲ. ಉಳಿಸಿ ಇಟ್ಟರೆ ಅದೇ ಸೀಸೆ ವಿಷವಾಗಬಹುದು. ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿಯ ನಡುವೆ. ಆ ಉಷ್ಣಾಂಶವನ್ನು ದಿನಕ್ಕೆರಡು ಸಲ ನೋಡಿ ಬರೆಯಬೇಕು, ಸೀಸೆಯ ಮೇಲಿನ ಗುರುತಿನ ಬಣ್ಣ ಬದಲಾಗಿದೆಯೇ ಎಂದು ಪರೀಕ್ಷಿಸಬೇಕು.

ಆ ಇಡೀ ಸರಪಳಿಯಲ್ಲಿ ಡಾಕ್ಟರು ಸೂಜಿ ಹಿಡಿಯುವುದಿಲ್ಲ. ಐಸ್ ತುಂಬಿದ ಡಬ್ಬಿಯನ್ನು ಹೆಗಲಿಗೇರಿಸಿಕೊಂಡು ಹಳ್ಳಿಗೆ ಹೋಗುವವಳು ಸಹಾಯಕಿ. ಸೀಸೆ ಎಣಿಸಿ ಕೊಟ್ಟು, ಉಳಿದದ್ದನ್ನು ಎಣಿಸಿ ವಾಪಸ್ ಪಡೆಯುವವನು ಫಾರ್ಮಾಸಿಸ್ಟ್. ಕೂಸಿನ ಜೀವ ಅವರಿಬ್ಬರ ಶಿಸ್ತಿನ ಮೇಲೆ ನಿಂತಿದೆ. ನಾನು ಆ ಸಾವಿನ ಹೊಣೆಯನ್ನು ಹಗುರ ಮಾಡುತ್ತಿಲ್ಲ. ಹೆತ್ತವರ ಎದುರು ಅಂಥ ಮಾತು ಆಡುವುದಕ್ಕೆ ಯಾರಿಗೂ ಬಾಯಿ ಬರಬಾರದು. ನಾನು ಕೇಳುವುದಿಷ್ಟೆ. ಮೂರು ಜೀವ ತೆಗೆಯುವಷ್ಟು ದೊಡ್ಡ ಕೆಲಸ ಇವರದು ಎಂದು ಅಮಾನತಿನ ದಿನ ನಮಗೆ ಗೊತ್ತಾಯಿತು. ಹಿಂದಿನ ದಿನದವರೆಗೆ ಏಕೆ ಗೊತ್ತಿರಲಿಲ್ಲ? ಸತ್ತಾಗ ಹೊಣೆ ಹೊರಬೇಕಾದವರು ಬದುಕಿಸಿದಾಗ ಕೈಯಾಳುಗಳು ಹೇಗಾದರು? ಶಿಕ್ಷೆಗೆ ಮಾತ್ರ ಹೆಸರು ಹಿಡಿದು ಕರೆಯುವ ವ್ಯವಸ್ಥೆ ಅವರಿಗೆ ಮರುತರಬೇತಿ ಕೊಡುವುದನ್ನು, ಅವರ ಕೆಲಸವನ್ನು ಬಂದು ನೋಡುವುದನ್ನು, ಒಬ್ಬಳ ಹೆಗಲಿಗೆ ಎಷ್ಟು ಊರುಗಳ ಹೊರೆ ಬಿದ್ದಿದೆ ಎಂದು ಕೇಳುವುದನ್ನು ಸುಲಭವಾಗಿ ಮರೆಯುತ್ತದೆ. ಮರೆವಿನ ಬೇರು ನಾನು ಖಂಡಿಸುತ್ತಿರುವ ಆ ನಂಬಿಕೆಯಲ್ಲೇ ಇದೆ.

ನೀರಿನ ಕಡೆ ನೋಡಿ. ಅದೇ 2022ರ ಅಕ್ಟೋಬರ್‌ನಲ್ಲಿ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಮಂದಿ ಹಾಸಿಗೆ ಹಿಡಿದರು, ಸಾವೂ ಸಂಭವಿಸಿತು. ಇಂಥ ಹೊತ್ತಿನಲ್ಲಿ ಸಲೈನ್ ಹಚ್ಚುವ ಡಾಕ್ಟರು ಕಣ್ಣಿಗೆ ಕಾಣುತ್ತಾರೆ. ಪೈಪು ಎಲ್ಲಿ ಒಡೆದಿದೆ, ಯಾವ ಓಣಿಯಲ್ಲಿ ಮೊದಲ ವಾಂತಿಭೇದಿ ಕಂಡಿತು, ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ನೋಡುತ್ತ ತಿರುಗುವ ಆರೋಗ್ಯ ನಿರೀಕ್ಷಕ ಕಾಣುವುದಿಲ್ಲ. ಅವನು ವಾರಕ್ಕೊಮ್ಮೆ ಸರಿಯಾಗಿ ನೋಡಿದ್ದರೆ, ಅವನು ಬರೆದದ್ದನ್ನು ಪಂಚಾಯಿತಿ ಓದಿದ್ದರೆ, ಸಲೈನಿನ ಬಾಟಲಿಯೇ ಬೇಕಾಗುವುದಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಲಕ್ಷಗಟ್ಟಲೆ ಜನ ಬರುತ್ತಾರೆ, ಜೋಗುಳಬಾವಿಯಲ್ಲಿ, ಎಣ್ಣೆಕೊಳ್ಳದಲ್ಲಿ ಮೀಯುತ್ತಾರೆ, ಬಯಲಲ್ಲಿ ಅಡುಗೆ ಮಾಡಿ ದೇವಿಗೆ ನೈವೇದ್ಯದ ಪಡ್ಡಲಗಿ ತುಂಬುತ್ತಾರೆ. ಅಷ್ಟು ಜನ ಕಾಲರಾ ಹೊತ್ತುಕೊಳ್ಳದೆ ಊರಿಗೆ ಮರಳಿದರೆ ಅದು ತಾಯಿಯ ಕೃಪೆ ಎನ್ನುತ್ತೇವೆ. ತಾಯಿಯ ಕೃಪೆ ಬ್ಲೀಚಿಂಗ್ ಪುಡಿಯ ಡಬ್ಬಿ ಹಿಡಿದು ಓಡಾಡಿದವನ ಕೈಯಲ್ಲೂ ಇರುತ್ತದೆ. ಬಾರದ ರೋಗಕ್ಕೆ ಯಾರೂ ಹೂಮಾಲೆ ಹಾಕುವುದಿಲ್ಲ. ಅದಕ್ಕೇ ಆ ಹುದ್ದೆ ವರ್ಷಗಟ್ಟಲೆ ಖಾಲಿ ಬಿದ್ದರೂ ಯಾರೂ ಧರಣಿ ಕೂರುವುದಿಲ್ಲ.

ಲ್ಯಾಬಿನ ಮಾತೂ ಹಾಗೇ. ಮೂರು ವಾರದ ಕೆಮ್ಮಿಗೆ ಪಟ್ಟಣದ ಡಾಕ್ಟರು ಸಿರಪ್ ಬರೆದರು, ನಾಟಿ ವೈದ್ಯರು ಕಷಾಯ ಕೊಟ್ಟರು. ಕಫದ ಹನಿಯನ್ನು ಗಾಜಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೀಲಿ ಹಿನ್ನೆಲೆಯ ಮೇಲೆ ಕೆಂಪು ಕಡ್ಡಿಗಳನ್ನು ಕಂಡು “ಇದು ಕ್ಷಯ” ಎಂದು ಹೇಳುವವನು ಲ್ಯಾಬ್ ಟೆಕ್ನಿಶಿಯನ್. ಅವನು ಬೇಸರದಿಂದ ಎರಡು ನಿಮಿಷ ಕಡಿಮೆ ನೋಡಿದರೆ ಒಂದು ಮನೆ ಪೂರ್ತಿ ಕೆಮ್ಮುತ್ತದೆ. ಅವನು ಕಂಡುಹಿಡಿದ ಮೇಲೆ ಆರು ತಿಂಗಳು ಗುಳಿಗೆ ತಪ್ಪದಂತೆ ಬಾಗಿಲು ಬಡಿಯುವವಳು ಆಶಾ ಕಾರ್ಯಕರ್ತೆ. ಔಷಧ ತೀರಿ ಹೋಗುವ ಮೊದಲೇ ಬೇಡಿಕೆ ಕಳಿಸುವವನು, ಅವಧಿ ಮುಗಿದದ್ದನ್ನು ಬೇರೆ ಮಾಡುವವನು ಫಾರ್ಮಾಸಿಸ್ಟ್. ಸೂಜಿಗಳನ್ನು, ರಕ್ತ ಅಂಟಿದ ಹತ್ತಿಯನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ಬೇರ್ಪಡಿಸಿ, ಹೆರಿಗೆ ಕೋಣೆಯ ಕತ್ತರಿಯನ್ನು ಸರಿಯಾಗಿ ಬೇಯಿಸಿಡುವವರು ಗ್ರೂಪ್ ಡಿ ನೌಕರರು. ತಮಗೇ ಸೂಜಿ ಚುಚ್ಚಿ ಕಾಮಾಲೆ ತಗಲುವ ಅಪಾಯದಲ್ಲಿ ದುಡಿಯುವವರೂ ಅವರೇ. ಉಪಕೇಂದ್ರದಲ್ಲಿ ಈಗ ನರ್ಸಿಂಗ್ ಪದವಿ ಓದಿದ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾಳೆ. ಮೂವತ್ತು ದಾಟಿದ ಪ್ರತಿಯೊಬ್ಬರ ಬಿ.ಪಿ., ಸಕ್ಕರೆ ನೋಡುವುದು, ಗುಟ್ಕಾ ತಿನ್ನುವವನ ಬಾಯಿ ತೆರೆಸಿ ಕ್ಯಾನ್ಸರಿನ ಗುರುತು ಹುಡುಕುವುದು ಅವಳ ಕೆಲಸ. ಎಷ್ಟು ಮನೆಯವರಿಗೆ ಅವಳು ಯಾಕೆ ಬಂದಿದ್ದಾಳೆಂದು ಗೊತ್ತು?

ಇದಕ್ಕೆ ಎದುರು ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು: “ಇವರನ್ನು ಮೇಲೆ ಕೂರಿಸಿದರೆ ಕಾಂಪೌಂಡರನೇ ಡಾಕ್ಟರಾಗುತ್ತಾನೆ; ನಕಲಿ ವೈದ್ಯರು ಹೆಚ್ಚುತ್ತಾರೆ.” ಭಯ ನಿಜ, ಕಾರಣ ತಿರುಗುಮುರುಗು. ನಮ್ಮ ಪೇಟೆಗಳಲ್ಲಿ ಪಿಯುಸಿ ಮುಗಿಸಿದ ಹುಡುಗಿ ಬಿಳಿ ಕೋಟು ಹಾಕಿಕೊಂಡು ಇಂಜೆಕ್ಷನ್ ಚುಚ್ಚುವುದು, ಅಂಗಡಿಯಲ್ಲಿ ಒಬ್ಬರ ಸರ್ಟಿಫಿಕೇಟ್ ತೂಗುಹಾಕಿ ಇನ್ನೊಬ್ಬರು ಆಂಟಿಬಯೋಟಿಕ್ ಕೊಡುವುದು ಹೇಗೆ ನಡೆಯುತ್ತದೆ? ಡಾಕ್ಟರ ಹೊರತು ಬೇರೆ ಯಾವ ಕೆಲಸಕ್ಕೂ ವಿದ್ಯೆ ಬೇಕಿಲ್ಲ ಎಂದು ನಾವು ನಂಬಿರುವುದರಿಂದಲೇ ನಡೆಯುತ್ತದೆ. “ನೀನು ನರ್ಸಿಂಗ್ ಓದೀ ಏನವಾ? ನಿನ್ನ ನೋಂದಣಿ ಎಲ್ಲೈತಿ?” ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಕೇಳುವಂಥದ್ದು ಅಲ್ಲೇನಿದೆ ಎಂದುಕೊಂಡಿದ್ದೇವೆ. 1948ರ ಫಾರ್ಮಸಿ ಕಾಯ್ದೆ ನೋಂದಾಯಿತ ಫಾರ್ಮಾಸಿಸ್ಟನ ಹೊರತು ಬೇರೆಯವರು ಔಷಧ ವಿತರಿಸಬಾರದು ಎನ್ನುತ್ತದೆ. ಒಂದು ಕೆಲಸದ ಮೇರೆ ಎಲ್ಲಿದೆ ಎಂದು ತಿಳಿದವರಿಗೆ ಮಾತ್ರ ಅದನ್ನು ಮೀರಿದವರನ್ನು ಹಿಡಿಯಲು ಬರುತ್ತದೆ. ಪಾತ್ರಗಳನ್ನು ಗೌರವಿಸುವುದು, ಪಾತ್ರಗಳ ಗಡಿ ಕಾಯುವುದು ಒಂದೇ ಕೆಲಸ.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ: “ಪಟ್ಟಣಕ್ಕೆ ತಜ್ಞರು, ಹಳ್ಳಿಗೆ ನರ್ಸು. ಬಡವರನ್ನು ಕಡಿಮೆ ಬೆಲೆಯಲ್ಲಿ ಸುಮ್ಮನಾಗಿಸುವ ಹುನ್ನಾರವಿದು.” ಈ ಸಿಟ್ಟನ್ನು ನಾನು ಗೌರವಿಸುತ್ತೇನೆ. ಡಾಕ್ಟರು ಬೇಡ ಎಂದು ನಾನು ಎಲ್ಲೂ ಹೇಳುತ್ತಿಲ್ಲ. ಬೆಳಗಾವಿಯಿಂದ ನೂರು ಕಿಲೋಮೀಟರಿನಾಚೆ ಇರುವ, ರೈಲು ಕಾಣದ ರಾಮದುರ್ಗದಲ್ಲಿ ಹೆರಿಗೆ ತಜ್ಞರೂ ಅರಿವಳಿಕೆ ತಜ್ಞರೂ ಇರಲೇಬೇಕು. ಅದಕ್ಕಾಗಿ ಬೀದಿಗಿಳಿಯುವವರ ಜೊತೆ ನಾನೂ ಇಳಿಯುತ್ತೇನೆ. ಆದರೆ ಲ್ಯಾಬಿಲ್ಲದ, ಔಷಧವಿಲ್ಲದ, ನರ್ಸಿಲ್ಲದ ಕಟ್ಟಡದಲ್ಲಿ ಒಬ್ಬ ಡಾಕ್ಟರನ್ನು ಕೂರಿಸುವುದೂ ಬಡವರನ್ನು ಸುಮ್ಮನಾಗಿಸುವ ಉಪಾಯವೇ. ಆ ಡಾಕ್ಟರು ಮಾಡಬಹುದಾದದ್ದು ಒಂದೇ, ಚೀಟಿ ಬರೆದು “ಧಾರವಾಡಕ್ಕ ಹೋಗ್ರಿ” ಎನ್ನುವುದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ಸತ್ತರು. ಅಲ್ಲಿ ತಜ್ಞರಿಗೆ ಬರವಿರಲಿಲ್ಲ. ಸಂಶಯ ಬಿದ್ದದ್ದು ರಕ್ತನಾಳಕ್ಕೆ ಹಾಕಿದ ದ್ರಾವಣದ ಗುಣಮಟ್ಟದ ಮೇಲೆ. ಔಷಧ ಕೊಳ್ಳುವವರು, ಪರೀಕ್ಷಿಸುವವರು, ಕಾಯುವವರು ಎಡವಿದರೆ ಎಷ್ಟು ದೊಡ್ಡ ಡಾಕ್ಟರ ಕೈಯೂ ಸೋಲುತ್ತದೆ.

ಪ್ರಾಮಾಣಿಕವಾಗಿ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಎಲ್ಲವನ್ನೂ ಆಶಾ, ನರ್ಸಮ್ಮಂದಿರ ತಲೆಗೆ ಕಟ್ಟಿದರೆ ಜಗತ್ತು ಬದಲಾಗುತ್ತದೆ ಎಂಬುದೂ ಸುಳ್ಳೇ. 2014ರಿಂದ 2016ರವರೆಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಬಸುರಿಯರ ನಂಜನ್ನು ಮನೆಯಲ್ಲೇ ಪತ್ತೆಹಚ್ಚುವ ಇನ್ನೊಂದು ಪ್ರಯೋಗ ನಡೆಯಿತು. ಆಶಾ, ನರ್ಸಮ್ಮಂದಿರ ಕೈಗೆ ಬಿ.ಪಿ. ಯಂತ್ರವನ್ನೂ ಮೊಬೈಲ್ ಆ್ಯಪನ್ನೂ ಕೊಟ್ಟರು. ಒಟ್ಟಾರೆ ಸಾವುನೋವು ನಿರೀಕ್ಷಿಸಿದಂತೆ ಇಳಿಯಲಿಲ್ಲ. ಆದರೆ ಭಾರತ, ಪಾಕಿಸ್ತಾನ, ಮೊಜಾಂಬಿಕ್ ಮೂರರ ಲೆಕ್ಕವನ್ನೂ ಕೂಡಿಸಿ ನೋಡಿದಾಗ, ಎಂಟು ಅಥವಾ ಹೆಚ್ಚು ಸಲ ಭೇಟಿ ಆದ ಬಸುರಿಯರಲ್ಲಿ ಹೊಟ್ಟೆಯಲ್ಲೇ ಕೂಸು ಸಾಯುವುದು ಕಡಿಮೆ ಎಂದು ಕಂಡಿತು. ಇದರಿಂದ ನಾನು ಕಲಿಯುವುದಿಷ್ಟು: ಯಂತ್ರ ಕೊಟ್ಟರೆ ಸಾಲದು, ಮತ್ತೆ ಮತ್ತೆ ಬಾಗಿಲಿಗೆ ಬರುವಷ್ಟು ಜನ ಬೇಕು, ಬಂದವಳು ಕಳಿಸಿದರೆ ನೋಡುವ ಆಸ್ಪತ್ರೆ ಬೇಕು. ಡಾಕ್ಟರೊಬ್ಬರೇ ದವಾಖಾನೆಯಲ್ಲ, ನರ್ಸಮ್ಮನೊಬ್ಬಳೂ ಅಲ್ಲ.

ಸರ್ಕಾರಕ್ಕೆ ಇದು ಅರ್ಧ ಅರ್ಥವಾದಂತಿದೆ. ಈಚೆಗೆ ಹುದ್ದೆಗಳ ಹೆಸರು ಬದಲಿಸಿತು. ಕಿರಿಯ ಆರೋಗ್ಯ ಸಹಾಯಕಿ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’ ಆದಳು, ಶುಶ್ರೂಷಕಿ ‘ಶುಶ್ರೂಷಾಧಿಕಾರಿ’ ಆದಳು. ಹೆಸರು ಸಣ್ಣ ವಿಷಯವಲ್ಲ, ಒಪ್ಪುತ್ತೇನೆ. ಆದರೆ ಅಧಿಕಾರಿ ಎಂದು ಕರೆದವಳನ್ನು ವರ್ಷ ವರ್ಷದ ಗುತ್ತಿಗೆಯಲ್ಲಿಟ್ಟು, ಒಬ್ಬಳಿಗೆ ಎರಡು ಉಪಕೇಂದ್ರ ವಹಿಸಿದರೆ ಆ ಹೆಸರು ಗೋಡೆಯ ಸುಣ್ಣ ಮಾತ್ರ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. ತಿಂಗಳಿಗೆ ಇಷ್ಟು ಎಂದು ಗೌರವಧನ ಖಾತ್ರಿಪಡಿಸಿ ಎಂದು ಕೇಳುವುದಕ್ಕೆ ಕರ್ನಾಟಕದ ಅದೇ ಹೆಣ್ಣುಮಕ್ಕಳು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಬಯಲಲ್ಲಿ ಮಲಗಬೇಕಾಯಿತು.

ನಮ್ಮ ಸೀಮೆಗೆ ಈ ಪಾಠ ಹೊಸದಾಗಿ ಕಲಿಸಬೇಕಾಗಿಲ್ಲ. ಕಿತ್ತೂರಿನ 1824ರ ಕಾಳಗವನ್ನು ನಾವು ರಾಣಿ ಚೆನ್ನಮ್ಮ ಒಬ್ಬಳದೇ ಕಥೆಯಾಗಿ ಎಂದೂ ಹೇಳಿಲ್ಲ. ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಉರುಳಿಸಿದ ಗುಂಡು ಅಮಟೂರ ಬಾಳಪ್ಪನದು ಎಂದು ಹಳ್ಳಿಯ ಹುಡುಗನಿಗೂ ಗೊತ್ತು. ಸರದಾರ ಗುರುಸಿದ್ದಪ್ಪನ ಹೆಸರು ಗೊತ್ತು. ಊರಿನ ಸೇವೆಗೆ ಭೂಮಿ ಪಡೆದ ಶೇತಸನದಿ, ಸಂಗೊಳ್ಳಿ ರಾಯಣ್ಣ, ಇಂದು ಚೌಕ ಚೌಕದಲ್ಲಿ ನಿಂತಿದ್ದಾನೆ. ಯಾರು ಯಾವ ಕಾವಲು ಕಾಯ್ದರು ಎಂದು ಹೆಸರು ಹಿಡಿದು ನೆನೆಯುವುದು ಈ ನೆಲದ ರೂಢಿ. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಗೆ ಕೈಮುಗಿದು ಹೊರಬಂದು ಅಲ್ಲೇ ಸನಿಹದ ದವಾಖಾನೆಗೆ ಹೋದಾಗ ಆ ರೂಢಿಯನ್ನು ಏಕೆ ಬಿಡುತ್ತೇವೆ?

ಮಾಡಬೇಕಾದದ್ದು ದುಬಾರಿಯಲ್ಲ. ಪ್ರತಿ ಕೇಂದ್ರದ ಗೋಡೆಯ ಮೇಲೆ, ಡಾಕ್ಟರ ಹೆಸರಿನ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಉಳಿದವರ ಹೆಸರೂ ಕೆಲಸವೂ ಇರಲಿ: ಡಾಕ್ಟರಿಲ್ಲದ ದಿನವೂ ಇಲ್ಲಿ ಯಾವ ಪರೀಕ್ಷೆ ಆಗುತ್ತದೆ, ಯಾವ ಗುಳಿಗೆ ಸಿಗುತ್ತದೆ, ಯಾವುದಕ್ಕೆ ಕಾಯಬಾರದು, ಯಾವುದಕ್ಕೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಗ್ರಾಮಸಭೆಯಲ್ಲಿ ಖಾಲಿ ಹುದ್ದೆಗಳ ಪಟ್ಟಿ ಓದುವಾಗ ಡಾಕ್ಟರ ಹುದ್ದೆಗೆ ನಿಲ್ಲದೆ ಗ್ರೂಪ್ ಡಿ ನೌಕರರವರೆಗೆ ಓದಲಿ, ಊರು ಆ ಪೂರ್ತಿ ಪಟ್ಟಿಗೆ ಸಿಟ್ಟಾಗಲಿ. ವೈದ್ಯರೂ ತಮ್ಮ ಕಡೆಯಿಂದ ಒಂದು ಮಾತು ಕಲಿಯಲಿ. ರೋಗಿಯ ಎದುರು “ಇದನ್ನ ನಮ್ಮ ಸಿಸ್ಟರ್ ನನಗಿಂತ ಚಂದ ನೋಡ್ತಾರ” ಎಂದು ಹೇಳುವ ಡಾಕ್ಟರು ಕುಗ್ಗುವುದಿಲ್ಲ. ಅವರ ದವಾಖಾನೆ ಹಿಗ್ಗುತ್ತದೆ.

ಆಗ ಆ ಏಳು ತಿಂಗಳ ಬಸುರಿ ಮತ್ತೆ ಬರುವ ದಿನ, ಗೇಟಿನಲ್ಲಿ ನಿಂತ ಯಾರೋ ಒಬ್ಬರು, ಪುಟ್ಟ ಹುಡುಗನೇ ಆಗಲಿ, ಅವಳಿಗೆ ಹೇಳಬೇಕು: “ಡಾಕ್ಟ್ರು ಮೀಟಿಂಗಿಗೆ ಹೋಗ್ಯಾರ ಅಕ್ಕಾ. ದವಾಖಾನಿ ತೆರದೈತಿ. ಸಿಸ್ಟರ್ ಅದಾರ, ಲ್ಯಾಬಿನವ್ರು ಅದಾರ. ಒಳಗ ಹೋಗು, ಮೊದಲ ಬಿ.ಪಿ. ನೋಡಿಸ್ಕೋ.”